ದುಬೈಯಲ್ಲಿ ಕಂಡ ಓಮ್‌ನ ನಿಯಮ

ದುಬೈಗೆ ಹೋಗಿ ಬಂದೆನೆಂದರೆ ಊರಿನವರು ಕೇಳುವ ಮೊದಲ ಪ್ರಶ್ನೆ, ಆ ಎತ್ತರದ ಕಟ್ಟಡದ ತುದಿಗೆ ಹತ್ತಿದಿರಾ ಎಂದು. ಹತ್ತಲಿಲ್ಲ. ಅದರ ಪಕ್ಕದ ರಸ್ತೆಯಲ್ಲಿ ಕಾರಿನಲ್ಲಿ ಹಾದುಹೋದೆ, ಕತ್ತು ಉಳುಕುವಷ್ಟು ಬಗ್ಗಿ ಗಾಜಿನಿಂದ ಮೇಲೆ ನೋಡಿದೆ, ಅಷ್ಟೆ. ನಾನು ಬಾಯಿ ಬಿಟ್ಟು ನಿಂತದ್ದು ಬೇರೆ ಕಡೆ. ಸತ್ವಾ ಎಂಬ ಹಳೆಯ ಪೇಟೆಯ ಒಂದು ಚಿಕ್ಕ ಅಂಗಡಿಯಲ್ಲಿ, ಬಿಳಿ ಬೋರ್ಡೊಂದರ ಎದುರು. ಮೂವತ್ತೇಳು ವರ್ಷ ಬೋರ್ಡಿನ ಎದುರೇ ನಿಂತವಳಿಗೆ ಬೋರ್ಡು ನೋಡಲು ವಿಮಾನ ಹತ್ತಬೇಕಿತ್ತೇ ಎಂದು ನಗುವವರು ನಗಲಿ. ನಾನು ಹೇಳುವುದನ್ನು ಪೂರ್ತಿ ಕೇಳಿದ ಮೇಲೆ ನಗಲಿ ಎಂದಷ್ಟೇ ನನ್ನ ಕೋರಿಕೆ.

ಬನಿಯಾಸ್

ವಿಟ್ಲದ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದು ನಿವೃತ್ತಳಾದ ವರ್ಷ, ೨೦೧೯ರ ನವೆಂಬರಿನಲ್ಲಿ, ತಮ್ಮ ಸದಾಶಿವ ಟಿಕೆಟ್ ಕಳಿಸಿದ. ಅವನು ಅಬುಧಾಬಿಯ ಒಂದು ಆಸ್ಪತ್ರೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಮನೆ ಇರುವುದು ನಗರದಿಂದ ಆಚೆ, ಬನಿಯಾಸಿನಲ್ಲಿ. ನನ್ನ ನಿವೃತ್ತಿ ಒಂದು ನೆಪ. ಆ ಬೇಸಿಗೆಯಲ್ಲಿ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಒಮ್ಮೆ ಕಣ್ಣಾರೆ ನೋಡಿ ಬರಬೇಕೆಂಬುದು ನನ್ನ ಮನಸ್ಸಿನಲ್ಲಿದ್ದ ಮಾತು.

ಹೋದ ಮರುದಿನವೇ ನನ್ನ ಮಾನ ಹೋಯಿತು. ಬಸ್ಸಿನಲ್ಲಿ ನಗರ ನೋಡಿ ಬರೋಣವೆಂದು ಹೊರಟಿದ್ದೆವು. ದಾರಿ ಬದಿಯಲ್ಲಿ ಗಾಜಿನ ಗೋಡೆ, ತಾನೇ ತೆರೆಯುವ ಬಾಗಿಲು, ಒಳಗೆ ತಣ್ಣನೆಯ ಏಸಿ, ನೆಲವೋ ಕನ್ನಡಿ. ತಮ್ಮ ಒಳಗೆ ಕೂರು ಎಂದಾಗ, ಯಾವುದೋ ಡಾಕ್ಟರ ಕ್ಲಿನಿಕ್ಕಿರಬೇಕೆಂದು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಕುಳಿತೆ. ಅದು ಬಸ್ ಸ್ಟಾಪು! ಒಳಗಿದ್ದ ಇಬ್ಬರು ನನ್ನ ಬರಿಗಾಲನ್ನೂ ಹೊರಗಿದ್ದ ಚಪ್ಪಲಿಯನ್ನೂ ನೋಡಿ, ಏನೂ ಕಾಣದವರಂತೆ ಮುಖ ತಿರುಗಿಸಿದರು. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹಾಕಿಕೊಂಡು ನಿಲ್ಲುವುದೇ ಕಷ್ಟ, ಇಲ್ಲಿ ಬಿಚ್ಚಬೇಕೆನಿಸುತ್ತದೆ. ಮರಳಿನ ಮೇಲೆ ಇಷ್ಟು ಮಾಡಿದ್ದಾರಲ್ಲ ಎಂದು ನಾನು ದಂಗಾದೆ, ತಮ್ಮ ಮಾತ್ರ ಸಂಜೆಯವರೆಗೂ ನಕ್ಕ.

ಸಂಜೆ ಬಾಲ್ಕನಿಯಲ್ಲಿ ಅವನ ಕೈಯಲ್ಲಿ ಹಿತ್ತಾಳೆಯ ಕೊಳವೆಯೊಂದನ್ನು ಕಂಡೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಗೇಣಿಗಿಂತ ಗಿಡ್ಡ. ಅಡಿಯ ಗುಂಡಿ ಒತ್ತಿ ಎಳೆದರೆ ಬಾಯಿಂದ ಮೋಡದಂತೆ ಬಿಳಿ ಹೊರಗೆ ಬರುತ್ತಿತ್ತು.

"ಇದು ಹೊಗೆ ಅಲ್ಲ ಅಕ್ಕ, ಆವಿ," ಎಂದ.

"ಆವಿಯ ಪಾಠ ನನಗೆ ಮಾಡ್ಬೇಡ. ನಲುವತ್ತು ವರ್ಷ ಇಡ್ಲಿ ಬೇಯಿಸಿದವಳು ನಾನು."

ಇ-ಸಿಗರೇಟ್ ಎಂದರೆ ಇದೇ. ಒಳಗೆ ಒಂದು ಬ್ಯಾಟರಿ, ಮೇಲೆ ಸುರುಳಿ ಸುತ್ತಿದ ಒಂದು ತಂತಿ. ಅದನ್ನು ಕಾಯಿಲ್ ಎನ್ನುತ್ತಾರೆ. ಗುಂಡಿ ಒತ್ತಿದಾಗ ತಂತಿ ಕಾದು, ಹತ್ತಿ ಹೀರಿಕೊಂಡ ದ್ರವ ಆವಿಯಾಗುತ್ತದೆ. ಸದಾಶಿವ ಇಪ್ಪತ್ತೈದು ವರ್ಷ ಸಿಗರೇಟ್ ಸೇದಿದವನು. ಸ್ಟೆಂಟ್ ಹಾಕಿದ ಡಾಕ್ಟರು, ಇನ್ನೊಂದು ಸಿಗರೇಟ್ ಮುಟ್ಟಿದರೆ ನನ್ನ ಹತ್ತಿರ ಬರಬೇಡ ಎಂದಿದ್ದರಂತೆ. ಈ ಆವಿಯೂ ಒಳ್ಳೆಯದಲ್ಲ, ಮೆಲ್ಲಗೆ ಇದನ್ನೂ ಬಿಡು ಎಂದೂ ಹೇಳಿದ್ದರು. ಐದು ತಿಂಗಳಿಂದ ಅವನು ಸಿಗರೇಟ್ ಮುಟ್ಟಿರಲಿಲ್ಲ. ಕೊಳವೆಯನ್ನು ಕೊಟ್ಟವನು ಕೆಲಸ ಬಿಟ್ಟು ಊರಿಗೆ ಮರಳಿದ ಸ್ನೇಹಿತ. ಆ ವರ್ಷ ನಮ್ಮ ದೇಶದಲ್ಲಿ ಇದಕ್ಕೆ ನಿಷೇಧ ಬಂದಿತ್ತು, ಅಲ್ಲಿ ಅದೇ ವರ್ಷ ಮಾರಲು ಅನುಮತಿ ಸಿಕ್ಕಿತ್ತು. ಊರಿಗೆ ಒಯ್ಯಲಾಗದ್ದನ್ನು ಇವನ ಕೈಗಿಟ್ಟು ಹೋಗಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ತಮ್ಮ ನನಗಿಂತ ಒಂಬತ್ತು ವರ್ಷಕ್ಕೆ ಕಿರಿಯ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅವನು ನನ್ನದೇ ಒಂಬತ್ತನೇ ತರಗತಿಯಲ್ಲಿದ್ದ. ತಮ್ಮನೆಂದು ಸಲಿಗೆ ಕೊಟ್ಟಳು ಎನ್ನಿಸಿಕೊಳ್ಳಬಾರದೆಂದು ಉಳಿದವರಿಗಿಂತ ಅವನನ್ನೇ ಹೆಚ್ಚು ಗದರುತ್ತಿದ್ದೆ. ಮೊದಮೊದಲು ಪಾಠದ ನಡುವೆ ಕೈ ಎತ್ತುತ್ತಿದ್ದವನು ಆಮೇಲೆ ಎತ್ತುವುದನ್ನು ಬಿಟ್ಟ. ಅಂತೂ ಹುಡುಗನಿಗೆ ಶಿಸ್ತು ಬಂತು ಎಂದು ನಾನು ಸಮಾಧಾನಪಟ್ಟಿದ್ದೆ.

ಅಲ್ ಐನ್

ಮೂರನೆಯ ದಿನ ಅಲ್ ಐನ್ ಎಂಬ ಊರಿಗೆ ಹೋದೆವು. ಒಂದೂವರೆ ಗಂಟೆ ಎರಡೂ ಬದಿಗೆ ಮರಳೇ ಮರಳು. ಆಮೇಲೆ ಇದ್ದಕ್ಕಿದ್ದಂತೆ ಖರ್ಜೂರದ ಕಾಡು. ಕಾಡಿನ ನೆರಳಲ್ಲಿ ಮೊಣಕಾಲೆತ್ತರದ ಕಾಲುವೆಗಳು. ದೂರದ ಬೆಟ್ಟದ ಬುಡದಿಂದ ನೆಲದಡಿಯಲ್ಲಿ ನೀರು ತಂದು, ಸರದಿಯಂತೆ ಒಂದೊಂದು ತೋಟಕ್ಕೆ ಬಿಡುವ ಪದ್ಧತಿ ಅಲ್ಲಿ ಸಾವಿರಾರು ವರ್ಷಗಳಿಂದ ಇದೆಯಂತೆ. ಕಾಲುವೆ ಕವಲೊಡೆಯುವಲ್ಲಿ ಒಂದು ಚಪ್ಪಡಿ. ಅದನ್ನು ಅರ್ಧ ಇಳಿಸಿದರೆ ನೀರು ಅರ್ಧ, ಎತ್ತಿದರೆ ಪೂರ್ತಿ.

ನನಗೆ ಮೈ ಜುಮ್ಮೆಂದಿತು. ಮೂವತ್ತೇಳು ವರ್ಷ ನಾನು ವಿದ್ಯುತ್ತಿನ ಪಾಠ ಮಾಡಿದ್ದು ಇದೇ ಕಾಲುವೆಯನ್ನು ಬೋರ್ಡಿನ ಮೇಲೆ ಬರೆದು. ನೀರಿನ ಒತ್ತಡವೇ ವೋಲ್ಟೇಜ್, ಅಡ್ಡ ಇಟ್ಟ ಚಪ್ಪಡಿಯೇ ರೋಧ, ಹರಿಯುವ ನೀರೇ ಕರೆಂಟು. ಅಡ್ಡಿ ಹೆಚ್ಚಾದರೆ ಹರಿವು ಕಡಿಮೆ, ಅಡ್ಡಿ ಕಡಿಮೆಯಾದರೆ ಹರಿವು ಹೆಚ್ಚು. ಅಡ್ಡಿಯನ್ನು ಅಳೆಯುವುದು ಓಮ್‌ನಲ್ಲಿ, ವೋಲ್ಟನ್ನು ಅದರಿಂದ ಭಾಗಿಸಿದರೆ ಕರೆಂಟು; ಇದೇ ಓಮ್‌ನ ನಿಯಮ. ಸಾವಿರಗಟ್ಟಲೆ ಮಕ್ಕಳು ಆಕಳಿಸುತ್ತಾ ಬರೆದುಕೊಂಡ ಚಿತ್ರ ಇಲ್ಲಿ ಮರುಭೂಮಿಯ ನಡುವೆ ತಣ್ಣಗೆ ಹರಿಯುತ್ತಿತ್ತು. ನಾನು ಕುಳಿತು ಅದರಲ್ಲಿ ಕೈ ಅದ್ದಿದೆ.

ವಾಪಸು ಕಾರಿನ ಹತ್ತಿರ ಬಂದಾಗ ಸದಾಶಿವ ಬದಿಗೆ ಸರಿದು ಕೊಳವೆ ತೆಗೆದ. ಒಂದು ಸಲ ಎಳೆದ. ಎರಡನೆಯ ಸಲ ಗುಂಡಿ ಒತ್ತಿದವನು "ಅಯ್ಯಯ್ಯೋ" ಎಂದು ಕೂಗಿ, ಆಗಷ್ಟೇ ಸುಟ್ಟ ಗೇರುಬೀಜವನ್ನು ಈ ಕೈಯಿಂದ ಆ ಕೈಗೆ ಹಾರಿಸುವ ಹಾಗೆ ಹಾರಿಸಿ, ಕೊನೆಗೆ ಕೆಳಗೆ ಹಾಕಿದ. ಹಿತ್ತಾಳೆ ಮುಟ್ಟಲಾಗದಷ್ಟು ಕಾದಿತ್ತು.

"ಕಾಯಿಲ್ ಎಷ್ಟು ಓಮಿಂದು?" ಎಂದು ಕೇಳಿದೆ. ಬಾಯಿಗೆ ತಾನೇ ಬಂದ ಪ್ರಶ್ನೆ.

ಅವನು ಬೆರಳು ಊದುತ್ತಲೇ ಹೆಮ್ಮೆಯಿಂದ ಹೇಳಿದ: "ಎಲ್ಲ ಕಡಿಮೆ ಮಾಡ್ತಾ ಬಂದಿದ್ದೇನೆ ಅಕ್ಕ. ಲಿಕ್ವಿಡಿನ ನಿಕೋಟಿನ್ ಹನ್ನೆರಡು ಇದ್ದದ್ದು ಆರು ಮಾಡಿದೆ, ಈಗ ಮೂರು. ಹಾಗೆಯೇ ಕಾಯಿಲ್. ಒಂದೂವರೆ ಓಮ್ ಇದ್ದದ್ದು ಅರ್ಧ ಮಾಡಿದೆ, ಈ ವಾರದಿಂದ ಸೊನ್ನೆ ಪಾಯಿಂಟ್ ಒಂದು ಐದು. ಆನ್‌ಲೈನಲ್ಲಿ ತರಿಸಿದ್ದು. ಮಗಳ ಬರ್ತ್‌ಡೇಗೆ ಎರಡೂ ಸೊನ್ನೆ. ಖಲಾಸ್!"

ಬಿಡಬೇಕೆಂದು ಪಣ ತೊಟ್ಟವನಿಗೆ ಪೊಟ್ಟಣದ ಮೇಲಿನ ಅಂಕೆಗಳೆಲ್ಲ ಒಂದೇ ಜಾತಿಯವು. ಎಲ್ಲವನ್ನೂ ಇಳಿಸಬೇಕು, ಸೊನ್ನೆಗೆ ಮುಟ್ಟಿಸಬೇಕು. ಅವನ ಮುಖದಲ್ಲಿ ಎಂಥ ಸಂತೋಷವಿತ್ತು! ನಾನು ಮಾತ್ರ ಲೆಕ್ಕಕ್ಕಿಳಿದೆ. ಬಾಲ್ಕನಿಯಲ್ಲಿ ಅವನು ಬಿಚ್ಚಿ ತೋರಿಸಿದ್ದಾಗ ಬ್ಯಾಟರಿಯ ಮೇಲೆ ೩.೭ ವೋಲ್ಟ್ ಎಂದು ಬರೆದದ್ದನ್ನು ನೋಡಿದ್ದೆ. ಮನಸ್ಸಿನಲ್ಲೇ ೦.೧೫ರಿಂದ ಭಾಗಿಸಿದೆ: ಸುಮಾರು ಇಪ್ಪತ್ತೈದು ಆಂಪಿಯರ್. ನಮ್ಮ ಮನೆಯ ಗೀಸರ್ ಎಳೆಯುವುದೇ ಒಂಬತ್ತು. ಹೆಚ್ಚುಕಡಿಮೆ ಮೂರು ಗೀಸರಿನ ಕರೆಂಟನ್ನು ಈ ಪುಣ್ಯಾತ್ಮ ಬೆರಳುದ್ದದ ಬ್ಯಾಟರಿಯಿಂದ ಎಳೆದು ತುಟಿಗಿಟ್ಟುಕೊಳ್ಳುತ್ತಿದ್ದ. ಉಳಿದ ಹೊತ್ತು ಅದು ಅವನ ಅಂಗಿಯ ಎಡಗಡೆಯ ಜೇಬಿನಲ್ಲಿ, ಸ್ಟೆಂಟಿನ ಮೇಲೆಯೇ ಇರುತ್ತಿತ್ತು.

"ಕೊಡು ಇಲ್ಲಿ," ಎಂದೆ. ಮಕ್ಕಳ ಕೈಯಿಂದ ಕವಣೆ ಕಿತ್ತುಕೊಳ್ಳುತ್ತಿದ್ದ ದನಿ ಅದು. ಕೊಳವೆ ಆರಿದ ಮೇಲೆ ಬ್ಯಾಟರಿ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಬುತ್ತಿ ತಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ.

ಮತ್ತೆ ಬನಿಯಾಸ್

ಸಿಟ್ಟಿನಲ್ಲಿ ಕಿತ್ತುಕೊಳ್ಳುವುದು ಸುಲಭ. ಮರುದಿನ ಬೆಳಿಗ್ಗೆಯಿಂದ ಸದಾಶಿವ ಬಾಲ್ಕನಿಗೂ ಅಡುಗೆಮನೆಗೂ ಅಲೆಯತೊಡಗಿದ. ಚಹಾ ಮಾಡಿಸಿಕೊಂಡ, ಕುಡಿಯಲಿಲ್ಲ. ಹತ್ತು ವರ್ಷದ ಮಗಳು ಏನೋ ಕೇಳಿದ್ದಕ್ಕೆ ರೇಗಿದ. ಅವಳು ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಆ ದಿನ ಯಾವ ಭಾಷೆಯಲ್ಲೂ ಉತ್ತರಿಸದೆ ಕೋಣೆಗೆ ಹೋದಳು.

ತಮ್ಮನ ಹೆಂಡತಿ ವಿನಯಾ ಅದೇ ಆಸ್ಪತ್ರೆಯಲ್ಲಿ ನರ್ಸು. ಪಾತ್ರೆ ಒರೆಸುತ್ತಾ ಮೆಲ್ಲಗೆ ಹೇಳಿದಳು: "ಅಕ್ಕ, ನೀವು ಹೇಳುದು ಸರಿಯೇ. ಆದ್ರೆ ಅದನ್ನು ತೆಗೆದಿಟ್ರೆ ಇವರು ಪುನಃ ಸಿಗರೇಟಿಗೇ ಹೋಗುದು. ಸ್ಟೆಂಟ್ ಹಾಕಿದ ದಿನ ನಾನು ಹೊರಗೆ ಕೂತಿದ್ದೆ. ಇನ್ನೊಂದು ಸಲ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸಂಜೆ ಮೊಸರಿಗೆಂದು ಅವನ ಜೊತೆ ಕೆಳಗಿನ ಗ್ರೋಸರಿಗೆ ಹೋದೆ. ಅಂಗಡಿಯ ಮಲಯಾಳಿ ಇವನನ್ನು ಕಂಡೊಡನೆ, ಕೇಳುವ ಮೊದಲೇ, ಕೈಯನ್ನು ಹಿಂದಿನ ಕಪಾಟಿಗೆ ಒಯ್ದ. ಎಷ್ಟೋ ವರ್ಷದ ಅಭ್ಯಾಸ, ಐದು ತಿಂಗಳಲ್ಲಿ ಆ ಕೈಗೆ ಮರೆತುಹೋಗಿರಲಿಲ್ಲ. ಕೈ ಸಿಗರೇಟಿನ ಪ್ಯಾಕಿನ ಮೇಲೆ ನಿಂತಿತು. ಸದಾಶಿವ ಅದನ್ನೇ ನೋಡುತ್ತಾ ನಿಂತ. ನಾನು ಮೊಸರಿನ ಡಬ್ಬಿ ಹಿಡಿದುಕೊಂಡು ಕಾದು ನಿಂತೆ.

"ಬೇಡ. ಖುಬೂಸ್ ಕೊಡಿ," ಎಂದ ಕೊನೆಗೆ. ರೊಟ್ಟಿಯ ಪೊಟ್ಟಣ ತೆಗೆದುಕೊಂಡು, ಕಪಾಟಿನ ಕಡೆ ನೋಡದೆ ದುಡ್ಡು ಎಣಿಸಿ ಕೊಟ್ಟ.

ಈ ಮನುಷ್ಯ ದಿನಕ್ಕೆ ಎಷ್ಟು ಸಲ ಹೀಗೆ "ಬೇಡ" ಎನ್ನುತ್ತಿರಬಹುದು ಎಂದು ಯೋಚಿಸಿ ನನಗೆ ಅವನ ಮೇಲೆ ಗೌರವ ಹುಟ್ಟಿತು. ಅದುವರೆಗೆ ಇದ್ದದ್ದು ಅಕ್ಕರೆ ಮತ್ತು ಗದರಿಕೆ ಮಾತ್ರ. ಕಿತ್ತುಕೊಂಡವಳು ನಾನು, ದಾರಿ ತೋರಿಸಬೇಕಾದವಳೂ ನಾನೇ. ಕೊಳವೆ ಕೊಟ್ಟ ಸ್ನೇಹಿತನಿಗೆ ಫೋನ್ ಮಾಡಿಸಿದೆ. ಅವನು ದುಬೈಯ ಸತ್ವಾದ ಅಂಗಡಿಯೊಂದರ ಗುರುತು ಹೇಳಿ, "ಆದ್ರೆ ಅವ ಸುಮ್ನೆ ಕೊಡುದಿಲ್ಲ ಮಾರಾಯ, ಪರೀಕ್ಷೆ ಮಾಡ್ತಾನೆ," ಎಂದು ನಕ್ಕ.

ಸತ್ವಾ, ಶುಕ್ರವಾರ

ಶುಕ್ರವಾರ ಅಲ್ಲಿ ವಾರದ ರಜೆ. ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಅಂಗಡಿಗಳು ಮುಚ್ಚಿರುತ್ತವೆ. ಸತ್ವಾದಲ್ಲಿ ಕಟ್ಟಡಗಳು ಗಿಡ್ಡ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತದೆ, ದರ್ಜಿಗಳು ಬಾಗಿಲಲ್ಲೇ ಮೆಶಿನ್ ತುಳಿಯುತ್ತಾರೆ. ನಾಲ್ಕು ಹೆಜ್ಜೆ ನಡೆಯುವಾಗ ನಮ್ಮ ಪುತ್ತೂರಿನ ಪೇಟೆಯಲ್ಲೇ ಇದ್ದ ಹಾಗಾಯಿತು.

ಅಂಗಡಿಯವನ ಹೆಸರು ಜುನ್. ಫಿಲಿಪೀನ್ಸಿನವನು, ಐವತ್ತರ ಹತ್ತಿರ, ಮೂಗಿನ ತುದಿಗೆ ಓದುವ ಕನ್ನಡಕ. ಅವನ ಬೆನ್ನ ಹಿಂದೆ ನಾನು ಮೊದಲೇ ಹೇಳಿದ ಬಿಳಿ ಬೋರ್ಡು. ನಮಗಿಂತ ಮೊದಲು ಬಂದಿದ್ದ ಪಠಾಣ, ದೊಡ್ಡ ಲಾರಿಯ ಚಾಲಕನಂತೆ, ಮಾರ್ಕರ್ ಹಿಡಿದು ಬೋರ್ಡಿನ ಎದುರು ನಿಂತಿದ್ದ. ಆರಡಿ ಆಳು, ಹಣೆಯಲ್ಲಿ ಬೆವರು. ಅಲ್ಲಿನ ಕಾರುಗಳ ನಂಬರ್ ಪ್ಲೇಟಿನಲ್ಲಿರುವ ಅರಬ್ಬಿ ಅಂಕೆಗಳಲ್ಲಿ ಏನೋ ಬರೆದು ಭಾಗಿಸುತ್ತಿದ್ದ. ಒಂದು ಅಂಕೆಯೂ ನನಗೆ ಓದಲು ಬರುವುದಿಲ್ಲ. ಆದರೆ ಗೆರೆ ಎಳೆದ ರೀತಿ, ಮೇಲಿನದೊಂದು ಕೆಳಗಿನದೊಂದು ಅಂಕೆ, ಪಕ್ಕಕ್ಕೆ ಉತ್ತರ. ಓಮ್‌ನ ನಿಯಮ! ಜುನ್ ಕಣ್ಣಲ್ಲೇ ಪರೀಕ್ಷಿಸಿ, "ಮೂರೂವರೆ ಆಂಪಿಯರ್. ಪಾಸ್. ಯಲ್ಲಾ, ಹೊರಡು," ಎಂದು ಕಾಯಿಲ್ ಕೈಗಿಟ್ಟ. ಪಠಾಣ ಎದೆಯ ಮೇಲೆ ಕೈಯಿಟ್ಟು ಬಗ್ಗಿ ಹೋದ.

ನನ್ನ ಕಣ್ಣು ತುಂಬಿತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಪರೀಕ್ಷೆ ಮುಗಿದ ಕೂಡಲೇ ಮಕ್ಕಳು ಮರೆತುಬಿಡುವ ಲೆಕ್ಕವನ್ನು ಜೀವಮಾನವಿಡೀ ಕಲಿಸಿದೆನಲ್ಲ ಎಂಬ ಕೊರಗು ನಿವೃತ್ತಿಯ ದಿನದಿಂದ ನನ್ನೊಳಗಿತ್ತು. ಇಲ್ಲಿ ಬೆಳೆದ ಗಂಡಸರು ಸರದಿಯಲ್ಲಿ ನಿಂತು, ಬೆವರಿ, ಆ ಲೆಕ್ಕವನ್ನು ಭಯಭಕ್ತಿಯಿಂದ ಮಾಡುತ್ತಿದ್ದರು.

"ಲೆಕ್ಕ ಇಲ್ಲ ಅಂದ್ರೆ ಕಾಯಿಲ್ ಇಲ್ಲ ಮೇಡಂ," ಎಂದ ಜುನ್, ಇಂಗ್ಲಿಷು ಹಿಂದಿ ಬೆರೆಸಿ. "ಯಾರಿಗೂ ಮಾಫಿ." ಮಾಫಿ ಎಂದರೆ ಅಲ್ಲಿಯ ಅರಬ್ಬಿಯಲ್ಲಿ 'ಇಲ್ಲ'. ಎಡಗೈ ತೆರೆದು ತೋರಿಸಿದ. ಅಂಗೈಯ ನಡುವೆ ನುಣ್ಣಗೆ ಹೊಳೆಯುವ ಸುಟ್ಟ ಕಲೆ. "ಇದು ನಾನು ಲೆಕ್ಕ ಮಾಡದ ದಿನ."

ನಾನು ಡಬ್ಬಿ ತೆರೆದು ಬ್ಯಾಟರಿ, ಕೊಳವೆ, ಕಾಯಿಲ್ ಮೇಜಿನ ಮೇಲಿಟ್ಟೆ. ಜುನ್ ಬ್ಯಾಟರಿಯನ್ನು ಅಂಗೈಯಲ್ಲಿ ತೂಗಿ ನೋಡಿದ, ಹೊದಿಕೆಯಲ್ಲಿದ್ದ ಸಣ್ಣ ಹರಕನ್ನು ಉಗುರಿನಿಂದ ತೋರಿಸಿದ. "ಇದು ಟಾರ್ಚಿಗೆ ಸಾಕು. ಹತ್ತು ಆಂಪಿಯರ್ ಕೂಡ ಕೊಡಲಾರದು," ಎಂದು ಮಾರ್ಕರ್ ಮುಂದೆ ಚಾಚಿದ.

ಮಾರ್ಕರ್ ತೆಗೆದುಕೊಂಡದ್ದು ನಾನು. ಸೆರಗು ಸರಿಮಾಡಿಕೊಂಡು, ದುಂಡಗಿನ ಅಕ್ಷರದಲ್ಲಿ ೩.೭ನ್ನು ೦.೧೫ರಿಂದ ಭಾಗಿಸಿ ೨೪.೭ ಎಂದು ಬರೆದು ಅಡಿಗೆರೆ ಎಳೆದೆ. ಜುನ್ ವಿನಯದಿಂದ ತಲೆಯಾಡಿಸಿದ.

"ಫೇಲ್, ಮೇಡಂ."

ನಾನು! ಫೇಲು!

"ಮೈಮೇಲೆ ಬರೆದ ವೋಲ್ಟ್ ಅಲ್ಲ. ಆಗಷ್ಟೇ ಪೂರ್ತಿ ಚಾರ್ಜ್ ಆದ ಬ್ಯಾಟರಿ ೪.೨ ಕೊಡುತ್ತದೆ. ಅಪಾಯ ಆಗೋದು ಆಗಲೇ. ಯಾವಾಗಲೂ ಅದನ್ನೇ ಹಿಡೀಬೇಕು."

ಸದಾಶಿವ ನನ್ನ ಕೈಯಿಂದ ಮಾರ್ಕರ್ ತೆಗೆದುಕೊಂಡ. ನಿಧಾನವಾಗಿ ೪.೨ ಬರೆದು ೦.೧೫ರಿಂದ ಭಾಗಿಸಿದ: ೨೮. ಅದರ ಕೆಳಗೆ, ಯಾರೂ ಹೇಳದೆ, ತನ್ನ ಹಳೆಯ ಒಂದೂವರೆ ಓಮಿನ ಲೆಕ್ಕ ಮಾಡಿದ: ೨.೮. ಎರಡು ಉತ್ತರಗಳನ್ನೂ ನೋಡುತ್ತಾ ನಿಂತ.

"ಅಕ್ಕ, ನಾನು ಇಳೀತಾ ಇದ್ದೇನೆ ಅಂತ ಗ್ರಹಿಸಿದ್ದು. ಹತ್ತು ಪಟ್ಟು ಮೇಲೆ ಹತ್ತಿದ್ದೇನೆ."

ಜುನ್ ಬಿಡಲಿಲ್ಲ. ಹೊಸಬರಿಗೆಲ್ಲ ಕೇಳುವ ಕೊನೆಯ ಪ್ರಶ್ನೆ ಇತ್ತಂತೆ. "ಓಮ್ ಸೊನ್ನೆ ಆದರೆ?"

ಸದಾಶಿವ ಬರೆಯಲಿಲ್ಲ. ನನ್ನ ಕಡೆ ತಿರುಗಿದ. ದನಿಯಲ್ಲಿ ದೂರೇನೂ ಇರಲಿಲ್ಲ. "ಇದನ್ನು ನಾನು ಮೊದಲೇ ಕೇಳಿದ್ದೆ. ನೆನಪುಂಟಾ? ಒಂಬತ್ತನೇ ಕ್ಲಾಸಲ್ಲಿ. ಕೈ ಎತ್ತಿ ಕೇಳಿದ್ದೆ, ರೋಧ ಸೊನ್ನೆ ಆದ್ರೆ ಎಂತ ಆಗ್ತದೆ ಟೀಚರ್, ಅಂತ."

ನೆನಪಿತ್ತು. ಅವನು ಹೇಳಿದ ಕ್ಷಣಕ್ಕೇ ಎಲ್ಲ ನೆನಪಾಯಿತು. "ಅಧಿಕಪ್ರಸಂಗ ಮಾಡ್ಬೇಡ, ಕೂತ್ಕೊ. ಅದು ಪರೀಕ್ಷೆಗೆ ಬರುದಿಲ್ಲ," ಎಂದಿದ್ದೆ. ಇಡೀ ತರಗತಿ ನಕ್ಕಿತ್ತು. ಅವನು ಕೈ ಎತ್ತುವುದನ್ನು ಬಿಟ್ಟದ್ದು ಅಂದಿನಿಂದಲೇ. ಶಿಸ್ತು ಬಂದದ್ದಲ್ಲ. ನಿಜ ಹೇಳಬೇಕೆಂದರೆ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ನನಗೆ ಅದಕ್ಕೆ ಹೇಗೆ ಉತ್ತರಿಸುವುದೆಂದು ತಿಳಿದಿರಲಿಲ್ಲ. ತಿಳಿದಿಲ್ಲವೆಂದು ನಲುವತ್ತು ಮಕ್ಕಳೆದುರು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಆ ಅಂಗಡಿಯಲ್ಲಿ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಮಾರ್ಕರ್ ಕೇಳಿ ತೆಗೆದುಕೊಂಡೆ. ಅವನ ೨.೮, ೨೮ರ ಕೆಳಗೆ ೨೮೦ ಎಂದು ಬರೆದೆ, ಅದರ ಕೆಳಗೆ ೨೮೦೦. ಬೋರ್ಡಿನ ಅಂಚಿನವರೆಗೆ ಸೊನ್ನೆ ಸೇರಿಸುತ್ತಾ ಹೋದೆ. "ಅಡ್ಡಿ ಇಳಿದಷ್ಟೂ ಹರಿವು ಏರ್ತದೆ ಸದಾ. ಅಡ್ಡಿಯೇ ಇಲ್ಲ ಅಂದ್ರೆ ಅದಕ್ಕೆ ಮಿತಿ ಇಲ್ಲ. ಅಷ್ಟು ಕೊಡ್ಲಿಕ್ಕೆ ಬ್ಯಾಟರಿಯ ಹತ್ರ ಇಲ್ಲ, ಬೇಡ ಹೇಳ್ಲಿಕ್ಕೂ ಗೊತ್ತಿಲ್ಲ. ಕಾದು ಕಾದು ಒಡೀತದೆ. ಇದನ್ನು ಅವತ್ತೇ ಹೇಳ್ಬೇಕಿತ್ತು. ನನ್ನದು ತಪ್ಪಾಯ್ತು."

ಕನ್ನಡ ಬಾರದ ಜುನ್ ಬೋರ್ಡು ನೋಡಿಯೇ "ಪಾಸ್," ಎಂದ.

ಆಮೇಲೆ ಅವನು ಕಾಯಿಲ್ ಸುತ್ತುವುದನ್ನು ನೋಡಿದೆವು. ಕೂದಲಿಗಿಂತ ಸ್ವಲ್ಪವೇ ದಪ್ಪದ ತಂತಿಯನ್ನು ಸೂಜಿಯಂಥ ಕಡ್ಡಿಗೆ ತುಟಿಯಲ್ಲೇ ಎಣಿಸುತ್ತಾ ಸುತ್ತಿದ. ಮೀಟರಿಗಿಟ್ಟ: ೧.೪೭. ತಲೆಯಾಡಿಸಿ, ಬಿಚ್ಚಿ, ಕೂದಲೆಳೆಯಷ್ಟು ಹೆಚ್ಚು ಉದ್ದ ಬಿಟ್ಟು ಮತ್ತೆ ಸುತ್ತಿದ: ೧.೫೦. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಓಮ್ ಆಚೀಚೆಯಾದರೆ ನಾನೇ ತಿದ್ದಿ ಬರೆಸುತ್ತಿದ್ದೆ. ಆ ಕೈಗಳಿಗೆ ನಮಸ್ಕಾರ ಮಾಡಬೇಕೆನಿಸಿತು. ಅದನ್ನು ಅವನು ಕೂರಿಸಿಕೊಟ್ಟದ್ದು ಚಿಕ್ಕದೊಂದು ಯಂತ್ರಕ್ಕೆ. ಓಮ್ ತಾನೇ ಅಳೆದು, ಸರಿಯಿಲ್ಲದಿದ್ದರೆ ಕೆಲಸ ಮಾಡಲು ಒಪ್ಪದ ಯಂತ್ರ. "ಇದಕ್ಕೆ 'ಬೇಡ' ಅನ್ನಲು ಬರುತ್ತದೆ," ಎಂದ. ಹಿತ್ತಾಳೆಯ ಕೊಳವೆ ಅವನ ಮೇಜಿನ ಖಾನೆಯಲ್ಲೇ ಉಳಿಯಿತು. ಹೊರಡುವಾಗ ದ್ರವದ ಬಾಟಲಿಯ ಮೇಲಿನ ೩ರ ಅಂಕೆಯನ್ನು ಬೆರಳಿನಿಂದ ತಟ್ಟಿ ಹೇಳಿದ: "ಇಳಿಸಬೇಕಾದ್ದು ಇದನ್ನು ಮಾತ್ರ."

ಹೆದ್ದಾರಿ

ವಾಪಸು ಹೊರಟಾಗ ಬಿಸಿಲು ಹಳದಿಗೆ ತಿರುಗಿತ್ತು. ಒಂದೊಂದು ಬದಿಗೆ ಆರು ಸಾಲು ಕಾರುಗಳು, ಒಂದೂ ಹಾರ್ನ್ ಇಲ್ಲ. ಎತ್ತರದ ಕಟ್ಟಡ ಹಿಂದಿನ ಗಾಜಿನಲ್ಲಿ ಬಹಳ ಹೊತ್ತು ಕಾಣುತ್ತಿತ್ತು. ಹತ್ತಬೇಕಿತ್ತಾ ಅಕ್ಕ ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಯಂತ್ರ ಹಿಂದಿನ ಸೀಟಿನ ಚೀಲದಲ್ಲಿತ್ತು.

ಊರು ಮುಗಿದು ಮರಳು ಶುರುವಾದಾಗ ಸದಾಶಿವ ಸ್ಟಿಯರಿಂಗಿನಿಂದ ಬಲಗೈ ತೆಗೆದು ಭುಜದೆತ್ತರಕ್ಕೆ ಎತ್ತಿದ. ಏನೋ ತೋರಿಸುತ್ತಿದ್ದಾನೆಂದು ನಾನು ಹೊರಗೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಕೈ ಹಾಗೆಯೇ ನಿಂತಿತ್ತು.

"ಟೀಚರ್," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. "ಒಂದು ಡೌಟ್ ಇತ್ತು."

"ಕೇಳು," ಎಂದೆ, ಸೀಟಿನಲ್ಲಿ ನೆಟ್ಟಗೆ ಕುಳಿತು.

"ಎರಡು ಬ್ಯಾಟರಿ ಒಂದರ ಹಿಂದೆ ಒಂದು ಇಟ್ರೆ ವೋಲ್ಟ್ ಕೂಡಿಸುದಾ, ಇಲ್ಲ ಒಂದೇ ಇರ್ತದಾ?"

ಹೇಳಿದೆ. ಅವನು ಮತ್ತೆ ಕೈ ಎತ್ತಿದ. ಬನಿಯಾಸ್ ಮುಟ್ಟುವವರೆಗೆ ಹನ್ನೊಂದು ಪ್ರಶ್ನೆ ಕೇಳಿದ, ಹಿಂದಿನ ಸೀಟಿನ ಚೀಲದ ಕಡೆ ಒಮ್ಮೆಯೂ ತಿರುಗಲಿಲ್ಲ. ಎರಡು ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.